ಎಪ್ಪತ್ತೇಳು ಮೊದಲೋ, ಹದಿಮೂರು ಮೊದಲೋ?

ಮುಂದಿನ ಸಂಕ್ರಾಂತಿಗೆ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದಿಲ್ಲ!

ಗಾಬರಿಯಾಗಬೇಡಿ. ಹೋದ ಶನಿವಾರ ಹೀಗೆಂದು ಘೋಷಿಸಿದ್ದು ನಾನೇ ಬರೆದ ಕಂಪ್ಯೂಟರ್ ಪ್ರೋಗ್ರಾಂ. ಪಕ್ಕದಲ್ಲಿ ಕೂತಿದ್ದವರು ಸರೋಜಾ ಮೇಡಂ, ಹೈಸ್ಕೂಲಿನಲ್ಲಿ ನನಗೆ ಲೆಕ್ಕ ಕಲಿಸಿದವರು. ರಿಟೈರಾಗಿ ಬಸವನಗುಡಿಯಲ್ಲಿದ್ದಾರೆ. ಚಾಮರಾಜಪೇಟೆಯ ಪ್ರೆಸ್ಸೊಂದರ ಪಂಚಾಂಗಕ್ಕೆ ಊರೂರಿನ ಸೂರ್ಯೋದಯದ ಪಟ್ಟಿ ಮಾಡಿಕೊಡುವುದು ಇವರೇ. ಲಾಗ್ ಟೇಬಲ್ ಹಿಡಿದು, ಕೈಯಲ್ಲೇ!

ಈ ವರ್ಷ ಕಣ್ಣಿಗೆ ಪೊರೆ ಬಂದಿದೆ. ಮೂರು ಯಾವುದು, ಎಂಟು ಯಾವುದು ತಿಳಿಯುವುದಿಲ್ಲ.

"ಪ್ರೆಸ್‌ನೋರು ಪಟ್ಟಿ ಕೆಲಸ ಬೇರೆಯವರಿಗೆ ಕೊಡ್ತೀವಿ ಅಂತಿದಾರೆ. ನಿನ್ನ ಮಿಷಿನ್ನಿಗೆ ಈ ಲೆಕ್ಕ ಬರುತ್ತೇನೇ ಲಲಿತಾ?" ಎಂದರು.

"ಬರುತ್ತೆ ಮೇಡಂ," ಎಂದೆ. (ಜಂಬದಿಂದಲೇ.)

ಮೊದಲು ಬೆಂಗಳೂರಿನ ಅಕ್ಷಾಂಶ, ರೇಖಾಂಶಗಳನ್ನು ಪ್ರೋಗ್ರಾಮಿನೊಳಗೇ ಬರೆದಿದ್ದೆ. ಆದರೆ ಒಮ್ಮೆ ಕಂಪೈಲ್ ಮಾಡಿ ಯಂತ್ರದ ಭಾಷೆಗೆ ಇಳಿಸಿದ ಮೇಲೆ ಒಳಗೆ ಕೈಹಾಕುವಂತಿಲ್ಲ. ಮೈಸೂರು ಬೇಕೆಂದರೆ ತಿದ್ದಿ, ಮತ್ತೆ ಕಂಪೈಲ್ ಮಾಡಬೇಕು. ಹುಬ್ಬಳ್ಳಿಗೆ ಇನ್ನೊಮ್ಮೆ. ಅದಕ್ಕೇ ಉಪಾಯ ಮಾಡಿದೆ: ಪ್ರೋಗ್ರಾಮಿನ ಹೆಸರಿನ ಮುಂದೆ, ಅದೇ ಸಾಲಿನಲ್ಲಿ, ತಾರೀಖು ಮತ್ತು ಊರಿನ ಎರಡು ಅಂಕಿ ಟೈಪ್ ಮಾಡಿದರೆ ಸಾಕು.

ಶನಿವಾರ ಮಧ್ಯಾಹ್ನ ಮಲ್ಲೇಶ್ವರದ ನಮ್ಮ ಆಫೀಸಿಗೆ ಮೇಡಂ ಬಂದರು. ಸಂಕ್ರಾಂತಿಯ ತಾರೀಖು ಹೇಳಿ, "ಎಪ್ಪತ್ತೇಳು ಪಾಯಿಂಟ್ ಆರು, ಹದಿಮೂರು" ಎಂದರು. ಹೇಳಿದಂತೆಯೇ ಒತ್ತಿದೆ.

ಸ್ಕ್ರೀನಿನ ಮೇಲೆ: ನೋ ಸನ್‌ರೈಸ್.

ಸೂರ್ಯ ಹುಟ್ಟುವುದಿಲ್ಲವಂತೆ ಎಂದು ಮೇಡಂಗೆ ಓದಿ ಹೇಳಿದೆ. ಅಳಿಸಲು ಕೈ ಚಾಚಿದೆ.

"ಇರು, ಅಳಿಸ್ಬೇಡ. ಎಲ್ಲೋ ಒಂದ್ಕಡೆ ಇದು ಸರಿ ಇರ್ಬೇಕಲ್ಲ?"

ಗೋಡೆಯ ಮೇಲೆ ಪ್ರಪಂಚದ ಭೂಪಟವಿತ್ತು. ಆಗ ಹೊಳೆಯಿತು. ಮೇಡಂ ರೇಖಾಂಶ ಮೊದಲು ಹೇಳಿದ್ದರು. ನನ್ನ ಪ್ರೋಗ್ರಾಮಿಗೆ ಸಾಲಿನಲ್ಲಿ ಮೊದಲು ನಿಂತದ್ದೇ ಅಕ್ಷಾಂಶ. ಎಪ್ಪತ್ತೇಳರ ಅಕ್ಷಾಂಶಕ್ಕೆ ಬೆರಳು ಓಡಿಸಿದೆ. ನಾರ್ವೆಗೂ ಆಚೆ, ಉತ್ತರ ಧ್ರುವದ ಕಡೆಯ ಸಮುದ್ರ! ಅಲ್ಲಿ ಜನವರಿಯಲ್ಲಿ ಸೂರ್ಯ ನಿಜಕ್ಕೂ ಹುಟ್ಟುವುದಿಲ್ಲ.

ಇದನ್ನು ಹೇಳಿದಾಗ ಮೇಡಂ ಮುಖ ಅರಳಿತು. "ಹಾಗಾದ್ರೆ ನಿನ್ನ ಸೂತ್ರ ಸರಿಯಾಗಿದೆ ಕಣೇ! ಅಕ್ಷಾಂಶ ಮೊದಲು ಅಂತ ಎಲ್ಲಿ ಬರ್ದಿದೀಯ?"

"ಎಲ್ಲೂ ಇಲ್ಲ. ನನ್ನ ತಲೇಲಿದೆ ಮೇಡಂ."

"ನಿನ್ನ ತಲೆಯೊಳಗಿರೋದು ನಂಗೆ ಕಾಣತ್ತೇನೇ?"

ನಮ್ಮ ದೇಶದ ಯಾವ ಊರಿಗೂ ರೇಖಾಂಶಕ್ಕಿಂತ ಅಕ್ಷಾಂಶವೇ ಚಿಕ್ಕದು. ಅದಲುಬದಲಾದರೆ ಪ್ರೋಗ್ರಾಂ ತಾನೇ ಸರಿಮಾಡಿಕೊಳ್ಳಲಿ ಎಂದೆ. ಮೇಡಂ ಒಪ್ಪಲಿಲ್ಲ.

"ಗುಟ್ಟಾಗಿ ತಿದ್ಬಾರ್ದು. ನಿಲ್ಲಿಸಿ ಕೇಳ್ಬೇಕು. ಇಲ್ದಿದ್ರೆ ತಪ್ಪು ಮಾಡಿದ್ದು ನಂಗೆ ಹೇಗೆ ಗೊತ್ತಾಗತ್ತೆ?"

ಹಾಗೇ ಬರೆದು, ಮತ್ತೆ ಕಂಪೈಲ್ ಮಾಡಿದೆ. ಈ ಸಲ ಅಕ್ಷಾಂಶ ಮೊದಲು ಒತ್ತಿದೆ; ಬೆಂಗಳೂರಿಗೆ ಆರು ನಲವತ್ತೈದು ಬಂತು. ಮೇಡಂ ಹಿಂದಿನ ವರ್ಷ ಕೈಯಲ್ಲಿ ಮಾಡಿದ ಲೆಕ್ಕಕ್ಕೂ ಅದಕ್ಕೂ ನಿಮಿಷದ ವ್ಯತ್ಯಾಸವಿಲ್ಲ. ಸೋಮವಾರ ಪಟ್ಟಿ ಪ್ರೆಸ್ಸಿಗೆ ಹೋಯಿತು, ಅವರ ಹೆಸರಿನಲ್ಲೇ.

ಉತ್ತರ ತಪ್ಪು ಬಂದಾಗ ಅಳಿಸುವುದು ನಮಗೆಲ್ಲ ಗೊತ್ತು. ಅದು ಯಾವ ಪ್ರಶ್ನೆಗೆ ಸರಿ ಉತ್ತರ ಎಂದು ಹುಡುಕುವವರು ನಮ್ಮಲ್ಲಿ ಎಷ್ಟು ಜನ?