ಬಸ್ಸಿನಲ್ಲಿ ಕುಲುಕಿದ ನೀರು

ನಮ್ಮ ಪರಿಸರ ವಿಜ್ಞಾನದ ಮೇಡಂ ಅವರ ಬಲಗೈಯ ಎರಡು ಬೆರಳುಗಳು ಸದಾ ಕಪ್ಪಗಿರುತ್ತಿದ್ದವು. ನೀರಿನ ಉಪ್ಪು ಅಳೆಯುವ ರಾಸಾಯನಿಕದ ಕಲೆ ಅದು, ತೊಳೆದರೂ ಹೋಗದು. ಕೂದಲಿಗೆ ಬಣ್ಣ ಹಚ್ಚಿ ಹಾಗಾಗಿದೆ ಎಂದು ಹಿಂದಿನ ಬೆಂಚಿನ ನಾವು ನಗುತ್ತಿದ್ದೆವು. ತಲೆ ನೋಡಿದರೆ ಪೂರ್ತಿ ಬೆಳ್ಳಗಿತ್ತು.

ತಮಿಳುನಾಡಿನ ಗಡಿಯ ಹೊಸೂರಿನ ಹೊರಗಿನ ಸಣ್ಣ ಖಾಸಗಿ ಕಾಲೇಜು ನಮ್ಮದು. ಬೇರೆಡೆ ಸೀಟು ಸಿಗದ ಹನ್ನೊಂದು ಮಂದಿ ಆ ಕೋರ್ಸಿಗೆ ಸೇರಿದ್ದೆವು. ಮೇಡಂ ಪಾಠ ಇಂಗ್ಲಿಷಿನಲ್ಲಿ ಶುರುವಾಗಿ ತಮಿಳಿಗೆ ಜಾರುತ್ತಿತ್ತು. ಬೈಯುವುದು ಮಾತ್ರ ತಮ್ಮ ಬಾಗಲೂರಿನ ಕನ್ನಡದಲ್ಲೇ. "ಕೆರೆ ಹತ್ರ ಹೋಗ್ದೆ ಕೆರೆ ಬಗ್ಗೆ ಬರೀಬ್ಯಾಡ್ರಲಾ" ಎನ್ನುವುದು ಅವರ ನಿತ್ಯದ ಮಾತು.

ಕೊನೆಯ ವರ್ಷ ಬೇರಿಕೆಯ ನನ್ನ ದೊಡ್ಡಪ್ಪ ಮೀನು ಸಾಕಲು ಕೆರೆ ಗುತ್ತಿಗೆ ಹಿಡಿದರು. ಮರಿ ಬಿಡುವ ಮುಂಚೆ ನೀರು ಪರೀಕ್ಷಿಸಲು ನನಗೇ ಹೇಳಿದರು. ಮನೆಯಲ್ಲಿ ಕಾಲೇಜು ಕಂಡ ಮೊದಲಿಗ ನಾನು, ಹೆಮ್ಮೆಗೇನು ಕಮ್ಮಿ? ಅರ್ಧ ಬಾಟಲಿ ನೀರು ಹಿಡಿದು ಬಸ್ ಹತ್ತಿದೆ, ಲ್ಯಾಬಿನಲ್ಲಿ ಆಮ್ಲಜನಕ ಅಳೆದೆ. ಚೆನ್ನಾಗಿ ಬಂತು. "ಮರಿ ಬಿಡು ದೊಡ್ಡಪ್ಪ, ಯೋಚ್ನೆ ಇಲ್ಲ" ಎಂದು ಫೋನ್ ಮಾಡಿದೆ. ಅವರು ಮರುದಿನ ಬೆಳಿಗ್ಗೆಗೇ ಮರಿ ತರಲು ವ್ಯಾನಿನವರಿಗೆ ಹೇಳಿಬಿಟ್ಟರು.

ಮಧ್ಯಾಹ್ನ ಮೇಡಂ ನನ್ನ ರೆಕಾರ್ಡ್ ನೋಡಿದರು.

"ಬಾಟ್ಲು ತುಂಬಾ ತಂದ್ಯಾ?"

"ಅರ್ಧ, ಮೇಡಂ."

"ಬೇರಿಕೆಯಿಂದ ಇಲ್ಲೀಗಂಟ ಕುಲುಕಿ ಕುಲುಕಿ ನೀನೇ ಗಾಳಿ ಸೇರ್ಸಿದೀಯ ಕಣ್ಲಾ. ಇದು ಕೆರೆ ಲೆಕ್ಕ ಅಲ್ಲ, ಬಸ್ಸಿನ ಲೆಕ್ಕ."

ತಿದ್ದಿ ಬರೆಯುತ್ತೇನೆ ಎಂದೆ.

"ರೆಕಾರ್ಡ್ ಆಮ್ಯಾಕೆ ತಿದ್ದು. ಮೀನ್ ಸತ್ರೆ ಯಾವ ರಬ್ಬರ್‌ನಾಗೆ ಅಳಿಸ್ತೀಯ?"

ದೊಡ್ಡಪ್ಪನಿಗೆ ಹೇಳಲೆಂದು ಫೋನ್ ತೆಗೆದವನು ಮತ್ತೆ ಜೇಬಿಗಿಟ್ಟೆ. ಅದನ್ನು ನೋಡಿ ಮೇಡಂ, "ನಾಳೆ ಮೊದ್ಲು ಬಸ್ಸಿಗೆ ನಾನೂ ಬತ್ತೀನಿ" ಎಂದರು.

ಬೆಳಗಿನ ಹೊತ್ತು ನೀರಿನಲ್ಲಿ ಆಮ್ಲಜನಕ ತೀರ ಕಮ್ಮಿ, ಆಗಲೇ ಅಳೆಯಬೇಕು. ಮೇಡಂ ಕೆರೆ ಏರಿಯಿಳಿದು ನೀರಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಬಾಟಲಿಯನ್ನು ಗಂಟಲವರೆಗೆ ತುಂಬಿಸಿ ಅಲ್ಲೇ ರಾಸಾಯನಿಕ ಬೆರೆಸಿದರು. ಆಮ್ಲಜನಕ ಇದ್ದರೆ ಕಂದು ಬಣ್ಣಕ್ಕೆ ತಿರುಗಬೇಕಿದ್ದ ನೀರು ಬೆಳ್ಳಗೇ ಉಳಿಯಿತು. ಅಷ್ಟರಲ್ಲಿ ಮರಿಗಳ ವ್ಯಾನ್ ಬಂದು ನಿಂತಿತು.

"ನೀವೇ ಹೇಳಿ ಮೇಡಮ್ಮೋರೆ" ಎಂದರು ದೊಡ್ಡಪ್ಪ.

"ನಿಮ್ ಹುಡ್ಗನೇ ಹೇಳ್ತಾನೆ" ಎಂದು ಅವರು ಪಕ್ಕಕ್ಕೆ ಸರಿದರು.

ವ್ಯಾನ್ ನೋಡಲು ಸೇರಿದ್ದ ಊರವರ ಮುಂದೆ, "ನಂದೇ ತಪ್ಪು, ಬಿಡ್ಬ್ಯಾಡ ದೊಡ್ಡಪ್ಪ" ಎಂದೆ. ದೊಡ್ಡಪ್ಪ ನನ್ನ ಮುಖ ನೋಡದೆ ವ್ಯಾನ್ ವಾಪಸ್ ಕಳಿಸಿದರು. ಬಸ್ಸಿನಲ್ಲಿ ಮೇಡಂ ಒಂದು ಮಾತೂ ಬೈಯಲಿಲ್ಲ, ತಮ್ಮ ಬನ್ನಿನಲ್ಲಿ ಅರ್ಧ ಮುರಿದು ಕೊಟ್ಟರು.

ಸಂಜೆ ದೊಡ್ಡಪ್ಪನ ಫೋನ್ ಬಂತು. "ಮತ್ತೆ ಯಾವಾಗ ಬಂದು ನೋಡ್ತೀಯಲಾ? ನೀನು ಹೇಳಿದ್ ಮ್ಯಾಲೇ ಮರಿ ಬಿಡೋದು."

ಮೇಡಂ ತೀರಿಕೊಂಡು ಎರಡು ವರ್ಷವಾಯಿತು. ಪದವಿ ಕೊಟ್ಟಿದ್ದು ಕಾಲೇಜು. ಆ ಫೋನ್ ಬರುವಂತೆ ಮಾಡಿದವರು ಅವರು.