ಯಾವ ಮಾದಾಪುರ

ಆ ಮೆಸೇಜು ಬಂದಾಗ ನಾನು ಎಸ್ಟೇಟಿನ ಗೋಡೌನಿನ ಮುಂದೆ ಜೀಪು ನಿಲ್ಲಿಸಿಕೊಂಡು, ಗೊಬ್ಬರದ ಮೂಟೆ ಇಳಿಸುವುದನ್ನು ಕಾಯುತ್ತ ಕೂತಿದ್ದೆ. ಮೆಸೇಜು ಇಂಗ್ಲಿಷಿನಲ್ಲಿತ್ತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಇಂಗ್ಲಿಷ್ ಓದಲು ಬರುವುದಿಲ್ಲ. ಆದರೆ ಇಷ್ಟು ವರ್ಷ ಗಾಡಿ ಓಡಿಸಿದವನಿಗೆ ನಂಬರ್ ಪ್ಲೇಟಿನ ಅಕ್ಷರಗಳು ಗೊತ್ತಿರುತ್ತವೆ. ಸಿ, ಎನ್, ಎಫ್. ಈ ಮೂರೂ ಒಟ್ಟಿಗೆ ಬಂದರೆ ರೈಲಿನಲ್ಲಿ ಸೀಟು ಸಿಕ್ಕಿತು ಎಂದು ಅರ್ಥ ಅಂತ ಕುಶಾಲನಗರದ ಟಿಕೆಟ್ ಅಂಗಡಿಯವನು ಹೇಳಿಕೊಟ್ಟಿದ್ದ. ಪಕ್ಕದಲ್ಲಿ ನಲವತ್ತೊಂದು, ನಲವತ್ತೆರಡು ಎಂದಿತ್ತು. ಒಂದು ನನ್ನ ತಂಗಿಯದು, ಒಂದು ನನ್ನದು. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಮೆಸೇಜನ್ನು ಅಳಿಸಿಬಿಟ್ಟೆ.

ಸಂಜೆ ಮನೆಗೆ ಹೋಗಿ, "ಸೀಟು ಸಿಗ್ಲಿಲ್ಲ ಕಣೆ" ಅಂದೆ.

ನಾನು ಬರೆಯಲು ಕೂತಿರುವುದು ಆ ಒಂದು ಮಾತಿನ ಬಗ್ಗೆ.

ಮಾದಾಪುರದ ಮನೆಯಲ್ಲಿ ನಾನು, ತಂಗಿ ಇಬ್ಬರೇ ಇರುವುದು. ನಾನು ಮದುವೆಯಾಗಲಿಲ್ಲ. ಅವಳು ಗಂಡ ತೀರಿಕೊಂಡ ಮೇಲೆ ಮನೆಗೆ ವಾಪಸು ಬಂದಳು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ನನಗಿಂತ ಎರಡು ಕ್ಲಾಸು ಹೆಚ್ಚು ಓದಿದ್ದಾಳೆ, ಅದನ್ನು ವಾರಕ್ಕೊಮ್ಮೆಯಾದರೂ ನೆನಪಿಸುತ್ತಾಳೆ. ಶಾಲೆಯವರು ಹಳೆಯದಾಯಿತೆಂದು ಮೂಲೆಗೆ ಹಾಕಿದ್ದ ಭಾರತದ ನಕ್ಷೆಯನ್ನು ಒಂದು ದಿನ ಸುರುಳಿ ಸುತ್ತಿ ಮನೆಗೆ ತಂದು, ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿದಳು. ಕಾಶ್ಮೀರದ ಮೂಲೆ ಗೆದ್ದಲು ತಿಂದಿತ್ತು.

"ಇದ್ರಲ್ಲಿ ಬರ್ದಿರೋದೆಲ್ಲ ನಿಜವಾಗ್ಲೂ ಇದ್ಯಾ ಅಂತ ಒಂದ್ಸಲ ನೋಡ್ಕಂಡ್ ಬರ್ಬೇಕು ಅಣ್ಣ" ಅಂದಳು.

ತಮಾಷೆ ಅಂದುಕೊಂಡಿದ್ದೆ. ಆದರೆ ಅವಳು ಎರಡು ವರ್ಷ ಅದರಲ್ಲೇ ಮುಳುಗಿದಳು. ದೇವಸ್ಥಾನಕ್ಕೆ ಸುತ್ತು ಬಂದ ಹಾಗೆ ದೇಶವನ್ನು ಬಲಕ್ಕಿಟ್ಟುಕೊಂಡು ಹೋಗಬೇಕು ಎಂಬುದು ಅವಳ ಲೆಕ್ಕ. ಮೈಸೂರಿನಿಂದ ಪಡುವಣ ದಿಕ್ಕು ಹಿಡಿದು ಗುಜರಾತು, ಅಲ್ಲಿಂದ ಪಂಜಾಬು, ಹರಿದ್ವಾರ, ಕಾಶಿ, ಪುರಿ, ಕನ್ಯಾಕುಮಾರಿ, ಮತ್ತೆ ಮೈಸೂರು. ಖರ್ಚು ಹೇಗೆ ಕಡಿಮೆ ಮಾಡುವುದೆಂದು ಸಿಕ್ಕಸಿಕ್ಕವರನ್ನು ಕೇಳಿದಳು. ರಾತ್ರಿ ಓಡುವ ರೈಲನ್ನೇ ಹಿಡಿದರೆ ರೂಮಿನ ಬಾಡಿಗೆ ಉಳಿಯುತ್ತದೆ. ಗುರುದ್ವಾರದಲ್ಲಿ ಯಾರು ಹೋದರೂ ಊಟ ಹಾಕುತ್ತಾರೆ. ಕಾಶಿಯಲ್ಲಿ ಕನ್ನಡದವರ ಛತ್ರವಿದೆ. ಶಾಲೆಗೆ ರಜೆ ಇರುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ತೋಟದಲ್ಲೂ ಕಾಫಿ ಪಿಕಿಂಗ್ ಮುಗಿದಿರುತ್ತದೆ, ನನಗೂ ರಜೆ ಸಿಗುತ್ತದೆ. ದಾರಿಗೆ ಅವಲಕ್ಕಿ, ಹುರುಳಿ ಚಟ್ನಿಪುಡಿ. ಪುಡಿ ಎಷ್ಟು ದಿನ ಕೆಡದೆ ಇರುತ್ತದೆ ಎಂದು ನೋಡಲು ಡಬ್ಬಿಯಲ್ಲಿ ಹಾಕಿಟ್ಟು, ದಿನಾ ಒಂದು ಚಮಚ ನನಗೆ ತಿನ್ನಿಸುತ್ತಿದ್ದಳು.

"ಇವತ್ತಿಗೆ ಇಪ್ಪತ್ತೊಂದು ದಿನ. ಹೆಂಗಿದೆ?"

"ಸಾಯ್ಲಿಲ್ಲ ಇನ್ನೂ."

"ಹಂಗಾದ್ರೆ ಕಾಶಿವರೆಗೂ ತೊಂದ್ರೆ ಇಲ್ಲ."

ನಗುತ್ತಿದ್ದೆ. ಆದರೆ ಆ ಬಾಗಿಲು ಮುಚ್ಚಿದಾಗಲೆಲ್ಲ ನಕ್ಷೆ ಕಣ್ಣೆದುರು ಬರುತ್ತಿತ್ತು, ನಾನು ಮತ್ತೆ ಬಾಗಿಲು ತೆರೆದಿಡುತ್ತಿದ್ದೆ. ನಮ್ಮ ಜಿಲ್ಲೆಯಲ್ಲಿ ರೈಲಿಲ್ಲ. ಮಡಿಕೇರಿಯ ಪಾರ್ಕಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸುತ್ತುತ್ತಿದ್ದ ಪುಟಾಣಿ ರೈಲು ಬಿಟ್ಟರೆ ನಾನು ಬೇರೆ ಯಾವುದನ್ನೂ ಹತ್ತಿದವನಲ್ಲ. ರೈಲು ಕೆಲವು ಕಡೆ ಎರಡೇ ನಿಮಿಷ ನಿಲ್ಲುತ್ತದಂತೆ. ಅವಳು ನೀರು ಹಿಡಿಯಲು ಕೆಳಗೆ ಇಳಿಯುತ್ತಾಳೆ, ರೈಲು ಹೊರಡುತ್ತದೆ. ಅಥವಾ ನಾನು ಇಳಿಯುತ್ತೇನೆ. ಊರಿನ ಬೋರ್ಡು ಕಾಣುತ್ತದೆ, ಅದರ ಒಂದು ಅಕ್ಷರವೂ ಗೊತ್ತಾಗುವುದಿಲ್ಲ. ಯಾರೋ ನನ್ನನ್ನು ಯಾವೂರು ಎಂದು ಕೇಳುತ್ತಾರೆ. ಇಲ್ಲಿಗೆ ಬಂದು ನನ್ನ ಯೋಚನೆ ನಿಂತುಬಿಡುತ್ತಿತ್ತು.

ಅದಕ್ಕೊಂದು ಕಾರಣವಿದೆ. ತಂಗಿಗೆ ಅದನ್ನು ಹೇಳಿರಲಿಲ್ಲ.

ಅವಳು ತೊಟ್ಟಿಲಲ್ಲಿದ್ದಾಗ ನನಗೆ ಹತ್ತು ವರ್ಷ. ಅಪ್ಪನ ಜೊತೆ ಮೈಸೂರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಜನಜಂಗುಳಿಯಲ್ಲಿ ಅಪ್ಪನ ಕೈ ತಪ್ಪಿತು. ಅಳುತ್ತ ನಿಂತಿದ್ದವನನ್ನು ಒಬ್ಬರು, "ಯಾವೂರು ಮಗ ನಿಂದು?" ಎಂದು ಕೇಳಿದರು. "ಮಾದಾಪುರ" ಅಂದೆ. ಒಳ್ಳೆಯ ಮನುಷ್ಯ, ಬಾಳೆಹಣ್ಣು ಕೊಡಿಸಿ, ಮಾದಾಪುರದ ಬಸ್ಸಿಗೆ ಹತ್ತಿಸಿ, ಕಂಡಕ್ಟರಿಗೆ ಹೇಳಿ ಹೋದರು. ಸಂಜೆ ಕಂಡಕ್ಟರ್ ಮಾದಾಪುರ ಎಂದು ಕೂಗಿದ. ಇಳಿದೆ. ಗುಡ್ಡ ಇಲ್ಲ, ಕಾಫಿ ಗಿಡ ಇಲ್ಲ, ಕಣ್ಣು ಹೋದಷ್ಟು ದೂರ ಬಯಲು, ಅಲ್ಲಲ್ಲಿ ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆಗಳು. ಊರಿನ ಹೆಸರು ಮಾತ್ರ ಅದೇ. ನಮ್ಮ ಮನೆ ಎಲ್ಲಿ ಎಂದು ಕೇಳಿದೆ. ಜನ ಸೇರಿದರು. "ಯಾವ ಮಾದಾಪುರ ಮಗ? ಇರೋದು ಒಂದಾ?" ಎಂದು ಒಬ್ಬ ಮುದುಕ ನಕ್ಕ. ಲೋಕದಲ್ಲಿ ಇನ್ನೊಂದು ಮಾದಾಪುರ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಯಾವುದು ಅಂತ ಹೇಳಲು ಬರಲಿಲ್ಲ. ಮೂರನೆಯ ದಿನ ಅಪ್ಪ ಹುಡುಕಿಕೊಂಡು ಬಂದರು. ಒಂದು ಏಟೂ ಹೊಡೆಯಲಿಲ್ಲ. ಮನೆಯಲ್ಲಿ ಮತ್ತೆ ಆ ಮಾತು ಎತ್ತಲೂ ಬಿಡಲಿಲ್ಲ.

ತೋಟದ ದಾರಿಯಲ್ಲಿ ಆನೆ ಅಡ್ಡ ಬಂದಾಗ ನಾನು ಗಾಬರಿಯಾಗದೆ ಅರ್ಧ ಮೈಲಿ ರಿವರ್ಸ್ ಬಂದಿದ್ದೇನೆ. ಊರಿನವರಿಗೆ ನಾನು ಧೈರ್ಯಸ್ಥ. ತಂಗಿಗಂತೂ ಆ ಬಗ್ಗೆ ಅನುಮಾನವೇ ಇರಲಿಲ್ಲ.

ಅರವತ್ತು ದಿನ ಮೊದಲೇ ಟಿಕೆಟ್ ತೆಗೆಯಬೇಕು ಎಂದು ಅವಳು ಹೇಳುತ್ತಲೇ ಇದ್ದಳು. ಇವತ್ತು ನಾಳೆ ಎಂದು ತಳ್ಳಿ, ಇಪ್ಪತ್ತೈದು ದಿನ ಉಳಿದಾಗ ಅವಳನ್ನು ಕುಶಾಲನಗರಕ್ಕೆ ಕರೆದುಕೊಂಡು ಹೋದೆ. ಅಂಗಡಿಯವನು ಕಂಪ್ಯೂಟರ್ ನೋಡಿ, "ವೆಯ್ಟಿಂಗ್ ಇದೆ ಅಕ್ಕ" ಅಂದ.

"ವೆಯ್ಟಿಂಗ್ ಅಂದ್ರೆ ನಿಂತ್ಕಂಡ್ ಹೋಗೋದು ತಾನೆ? ಸೋಮವಾರಪೇಟೆ ಬಸ್ಸಲ್ಲಿ ನಾವೇನು ಕೂತ್ಕಂಡ್ ಹೋಗ್ತೀವಾ? ಗುಜರಾತ್‌ವರೆಗೂ ನಿಂತ್ಕತೀನಿ, ಕೊಡಪ್ಪ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. "ಇದು ಬಸ್ಸಲ್ಲ ಅಕ್ಕ. ಸೀಟು ಬರ್ಲಿಲ್ಲ ಅಂದ್ರೆ ಟಿಕೆಟ್ಟೇ ಕ್ಯಾನ್ಸಲ್ ಆಗ್ತದೆ, ಹತ್ತಂಗಿಲ್ಲ" ಎಂದು ಅವನು ಬಿಡಿಸಿ ಹೇಳಿದ. ಅವಳ ಮುಖ ಸಣ್ಣಗಾಯಿತು. ನನಗೆ ಮಾತ್ರ ತಿಂಗಳುಗಳ ನಂತರ ಮೊದಲ ಬಾರಿ ಉಸಿರು ಸಲೀಸಾಯಿತು. ಅವಳದು ಬಟನ್ ಫೋನು, ಶಾಲೆಯ ಗಲಾಟೆಯಲ್ಲಿ ಕೇಳಿಸುವುದಿಲ್ಲ ಎಂದು ನನ್ನ ನಂಬರನ್ನೇ ಕೊಟ್ಟೆ. ಬೆಳಗಾದರೆ ಸೀಟು ಬಾರದಿರಲಿ ಎಂದು ಮನೆದೇವರಿಗೆ ಕೈ ಮುಗಿಯುತ್ತಿದ್ದೆ. ಅದೇ ದೇವರಿಗೆ ಅವಳು ಸೀಟು ಬರಲಿ ಎಂದು ದೀಪ ಹಚ್ಚುತ್ತಿದ್ದಳು. ದೇವರು ಅವಳ ಮಾತು ಕೇಳಿದ. ನಾನು ಅದನ್ನು ಅಳಿಸಿದೆ.

ಸೀಟು ಸಿಗಲಿಲ್ಲ ಅಂದಾಗ ಅವಳು ಜಗಳವಾಡಲಿಲ್ಲ. "ಹೋಗ್ಲಿ ಬಿಡು, ದುಡ್ಡಾದ್ರೂ ವಾಪಸ್ ಬರ್ತದಲ್ಲ" ಅಂದಳು. ನನ್ನ ಜೇಬಿನಿಂದಲೇ ತೆಗೆದು ಕೊಟ್ಟೆ. ಕಟ್ಟಿದ್ದ ಚೀಲ ಬಿಚ್ಚಿ ಸೀರೆಗಳನ್ನು ಮತ್ತೆ ಟ್ರಂಕಿಗೆ ಹಾಕಿದಳು. ದಾರಿಗೆಂದು ಮಾಡಿದ್ದ ಅವಲಕ್ಕಿಯನ್ನು ಆ ತಿಂಗಳೆಲ್ಲ ಬೆಳಿಗ್ಗೆ ತಿಂಡಿಗೆ ಕಲಸಿದಳು.

ರೈಲು ಹೊರಡುವ ದಿನ ಬಂತು, ಹೋಯಿತು. ನಲವತ್ತೊಂದು, ನಲವತ್ತೆರಡು ಖಾಲಿ ಹೋಗಿರಬಹುದು ಅಥವಾ ಯಾರೋ ಮಲಗಿರಬಹುದು. ಆಮೇಲೆ ಶುರುವಾದದ್ದು ಬೇರೆಯೇ ಭಯ. ಟಿಕೆಟ್ ಅಂಗಡಿಯವನು ಎಲ್ಲಾದರೂ ಇವಳಿಗೆ ಸಿಕ್ಕು, "ಯಾಕಕ್ಕ ಹೋಗ್ಲಿಲ್ಲ? ಸೀಟು ಬಂದಿತ್ತಲ್ಲ" ಅಂದರೆ? ಅವಳು ಕುಶಾಲನಗರದ ಹೆಸರೆತ್ತಿದರೆ ಸಾಕು, "ನೀನ್ಯಾಕೆ ಬಿಸ್ಲಲ್ಲಿ? ನಾ ತಂದ್ಕೊಡ್ತೀನಿ" ಅನ್ನುತ್ತಿದ್ದೆ. ಬ್ಲೌಸಿನ ಒಳಗೆ ಹೊಲಿಯುವ ಅಸ್ತರಿ ಬಟ್ಟೆ, ಕುಕ್ಕರಿನ ರಬ್ಬರು, ಕೆಮ್ಮಿನ ಔಷಧಿ, ಎಲ್ಲವನ್ನೂ ನಾನೇ ತಂದೆ. ಅಸ್ತರಿಯ ಬಣ್ಣ ಪ್ರತಿ ಸಲವೂ ತಪ್ಪಿತು. ಅವಳು ಬೈಯಲಿಲ್ಲ. ಪಕ್ಕದ ಮನೆಯವರ ಹತ್ತಿರ, "ನಮ್ಮಣ್ಣ ಈಚೆಗೆ ಬಾಳ ಒಳ್ಳೇವ್ನಾಗಿದಾನೆ, ಪ್ರವಾಸ ತಪ್ಪಿದ್ದಕ್ಕೆ ನನಗಿಂತ ಅವ್ನಿಗೇ ಬೇಜಾರು" ಎಂದು ಹೇಳುವುದು ನನ್ನ ಕಿವಿಗೆ ಬಿತ್ತು. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಈ ವರ್ಷ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಅವಳು ಒಗೆದ ಸೀರೆ ಉಟ್ಟುಕೊಂಡು ಜೀಪಿನಲ್ಲಿ ಬಂದು ಕೂತಳು. ನಾನು ಡೀಸೆಲ್ ತರಲು ಹೊರಟಿದ್ದೆ.

"ರೈಲು ಹೊರಡೋಕೆ ಇವತ್ತಿಗೆ ಸರಿಯಾಗಿ ಅರವತ್ತು ದಿನ. ನಡಿ. ಈ ಸಲ ನಾನೇ ಮಾತಾಡ್ತೀನಿ. ಹೋದ್ ಸಲ ಯಾಕ್ ಸೀಟು ಕೊಡ್ಲಿಲ್ಲ ಅಂತ ಅವ್ನನ್ನ ಕೇಳ್ದೇ ಬಿಡಲ್ಲ."

ಸುಂಟಿಕೊಪ್ಪ ದಾಟಿತು. ಅಂಗಡಿ ಸಿಗಲು ಇನ್ನು ಅರ್ಧ ಗಂಟೆಯೂ ಇರಲಿಲ್ಲ. ಅವನು ಹೇಳುವ ಮೊದಲು ನಾನು ಹೇಳಬೇಕು ಅನ್ನಿಸಿತು. ನಿಜ ಹೇಳಬೇಕೆಂಬ ಆಸೆಯಿಂದ ಅಲ್ಲ, ಸಿಕ್ಕಿಬೀಳುವ ಭಯದಿಂದ. ಅದನ್ನೂ ಬರೆದುಬಿಡುತ್ತೇನೆ. ರಸ್ತೆಯ ಬದಿಗೆ ಜೀಪು ನಿಲ್ಲಿಸಿ, ಸ್ಟೀರಿಂಗ್ ನೋಡುತ್ತಲೇ ಹೇಳಿದೆ. ಮೊದಲು ಮೆಸೇಜಿನ ವಿಷಯ. ಆಮೇಲೆ ಬಸ್ ಸ್ಟ್ಯಾಂಡು, ಬಾಳೆಹಣ್ಣು, ಇನ್ನೊಂದು ಮಾದಾಪುರ.

ಅವಳು ನನ್ನ ಕಡೆ ತಿರುಗಿ ಕೂತಳು.

"ಅದು ನಡ್ದಾಗ ನಿಂಗೆ ಹತ್ತು ವರ್ಷ" ಅಂದಳು. "ಈಗೆಷ್ಟು?"

"ಐವತ್ತೆರಡು."

"ಹೆದ್ರಿಕೆ ಅಂತ ಒಂದ್ ಮಾತು ಹೇಳಿದ್ರೆ ನಾನೇನು ನಿನ್ನ ತಿಂತಿದ್ನಾ? ಒಬ್ಳೇ ಹೋಗ್ತಿದ್ದೆ. ನೀನು ಹೆದ್ರಿದ್ದಕ್ಕಲ್ಲ ಅಣ್ಣ ನಂಗೆ ಸಿಟ್ಟು. ಇಡೀ ವರ್ಷ ಬಣ್ಣ ತಪ್ಪಿದ ಅಸ್ತರಿ ಬ್ಲೌಸು ಹಾಕ್ಕಂಡು, ಪಾಪ ಅಣ್ಣ, ಪಾಪ ಅಣ್ಣ ಅಂತ ಓಡಾಡಿದ್ನಲ್ಲ, ಅದಕ್ಕೆ."

ಅಂಗಡಿಯಲ್ಲಿ ಅವಳು ಕುರ್ಚಿ ಎಳೆದು ಕೂತು, "ಒಂದೇ ಟಿಕೆಟ್" ಅಂದಳು. ಅಂಗಡಿಯವನು ನನ್ನ ಮುಖ ನೋಡಿದ. ಹೋದ ವರ್ಷದ ಮಾತನ್ನು ಅವಳು ಎತ್ತಲಿಲ್ಲ. ಅವನೂ ಕೇಳಲಿಲ್ಲ. ನಾನೂ ಬರುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೊರಗೆ ಬರಲಿಲ್ಲ. ನನ್ನ ತಪ್ಪುಗಳಲ್ಲಿ ಅದನ್ನೂ ಸೇರಿಸಬೇಕು.

ಹೊರಡುವ ಹಿಂದಿನ ದಿನ ಅವಳ ಚೀಲ ತೆಗೆದುಕೊಂಡು ಹಿತ್ತಲಲ್ಲಿ ಕೂತೆ. ಗಾಡಿಗೆ ಬಳಿಯುವ ಬಿಳಿ ಪೇಂಟು, ಸಣ್ಣ ಬ್ರಷ್ಷು. ಕನ್ನಡದಲ್ಲಿ ಬರೆದರೆ ಪಂಜಾಬಿನಲ್ಲಿ ಯಾರು ಓದುತ್ತಾರೆ? ನನಗೆ ಬರುವ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿ ಮಾದಾಪುರ ಎಂದು ಬರೆದೆ. ಯಾವ ಮಾದಾಪುರ ಎಂದು ತಿಳಿಯಬೇಕಲ್ಲ? ನಮ್ಮ ಜಿಲ್ಲೆಯ ಗಾಡಿಗಳ ಮೇಲಿರುವ ಹಾಗೆ ಅದರ ಮುಂದೆ ಕೆಎ 12 ಎಂದು ಬರೆದೆ. ಕೆಳಗೆ ನನ್ನ ಫೋನ್ ನಂಬರು.

"ನಾನೇನು ಲಾರಿನಾ?" ಅಂದಳು. ಆದರೆ ಅಳಿಸಲಿಲ್ಲ.

ಮೈಸೂರಿನವರೆಗೆ ಬಸ್ಸಿನಲ್ಲಿ ಜೊತೆಗೆ ಹೋದೆ. ಸ್ಟೇಷನ್ನಿನ ಹೊರಗಡೆಯೇ ನಿಂತೆ. ಚೀಲ ಹೆಗಲಿಗೆ ಹಾಕಿಕೊಂಡು ಅವಳು ಒಳಗೆ ಹೋದಳು. ಬಿಳಿ ಅಕ್ಷರ ಜನರ ನಡುವೆ ಎರಡು ಸಲ ಕಂಡಿತು, ಆಮೇಲೆ ಕಾಣಲಿಲ್ಲ.

ಅವಳು ಹೋಗಿ ಇಪ್ಪತ್ತೇಳು ದಿನವಾಯಿತು. ದಿನಾ ಸಂಜೆ ಫೋನ್ ಮಾಡುತ್ತಾಳೆ. ಕ್ಷಮಿಸಿದ್ದೇನೆ ಎಂದು ಹೇಳಿಲ್ಲ. ಎಲ್ಲಿದ್ದೇನೆ, ಏನು ತಿಂದೆ, ಅಷ್ಟೇ. ಗುಜರಾತಿನ ಯಾವುದೋ ಸ್ಟೇಷನ್ನಿನ ಹೊರಗೆ ಟೀ ಕುಡಿಯುವಾಗ ಒಬ್ಬ ಕನ್ನಡದ ಲಾರಿ ಡ್ರೈವರ್ ಚೀಲ ನೋಡಿ, "ಏನಕ್ಕ, ಮಡಿಕೇರಿ ಗಾಡಿ ಇಷ್ಟು ದೂರ?" ಅಂದನಂತೆ. ಅದನ್ನು ಹೇಳುವಾಗ ಮಾತ್ರ ನಕ್ಕಳು. ಕಾಶಿಯಿಂದ ಪುರಿಗೆ ಹೋಗುವಾಗ ಎರಡು ದಿನ ಫೋನ್ ಬರಲಿಲ್ಲ. ಆ ಎರಡು ದಿನ ನಾನು ಅನ್ನ ಬೇಯಿಸಲಿಲ್ಲ. ಬಾಗಿಲ ಹಿಂದಿನ ನಕ್ಷೆಯಲ್ಲಿ ಕಾಶಿಯ ಮೇಲೆ ಬೆರಳಿಟ್ಟುಕೊಂಡು ನಿಂತಿರುತ್ತಿದ್ದೆ. ಅಲ್ಲಿಂದ ಪುರಿಗೆ ಒಂದು ಗೇಣೂ ಇಲ್ಲ. ಮೂರನೆಯ ದಿನ ಫೋನ್ ಮಾಡಿದಾಗ, "ಚಾರ್ಜು ಇರ್ಲಿಲ್ಲ" ಅಂದಳು. ಚಟ್ನಿಪುಡಿ ಇನ್ನೂ ಕೆಟ್ಟಿಲ್ಲವಂತೆ.

ನಿನ್ನೆ ಕನ್ಯಾಕುಮಾರಿಯಿಂದ ಮಾಡಿದ್ದಳು. "ನಕ್ಷೇಲಿ ಇರೋದೆಲ್ಲ ಇದೆ ಅಣ್ಣ" ಅಂದಳು. ಆಮೇಲೆ ಕೇಳಿದಳು, "ಗುರುವಾರ ಬೆಳಿಗ್ಗೆ ಮೈಸೂರಿಗೆ ಬರ್ತೀನಿ. ಹೊರಗಡೆ ನಿಂತ್ಕಬೇಡ. ಒಳಗೆ ಬಾ, ರೈಲಿನ ಬಾಗ್ಲ ಹತ್ರಕ್ಕೆ. ಬರ್ತೀಯಾ?"

"ಬರ್ತೀನಿ" ಅಂದೆ. ಅವಳು ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ.

ಇವತ್ತು ಸೋಮವಾರ. ಬೆಳಿಗ್ಗೆ ಕುಶಾಲನಗರಕ್ಕೆ ಹೋಗಿ, ರೈಲು ಹತ್ತದೆ ಪ್ಲಾಟ್‌ಫಾರಂವರೆಗೆ ಮಾತ್ರ ಹೋಗುವವನಿಗೆ ಟಿಕೆಟ್ ಎಲ್ಲಿ ಕೊಡುತ್ತಾರೆ ಎಂದು ಅಂಗಡಿಯವನನ್ನು ಕೇಳಿದೆ. ಅವನು ನಗಲಿಲ್ಲ. ಒಂದು ಚೀಟಿಯಲ್ಲಿ ಗೇಟು, ಕೌಂಟರು, ಮೆಟ್ಟಿಲು ಎಲ್ಲವನ್ನೂ ಗೆರೆ ಎಳೆದು ತೋರಿಸಿ, ಕನ್ನಡದಲ್ಲಿ ಬರೆದುಕೊಟ್ಟ. ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದೇನೆ. ತೆಗೆದು ತೆಗೆದು ನೋಡಿ, ಕೈ ಬೆವರಿಗೆ ಮೆಟ್ಟಿಲಿನ ಗೆರೆ ಈಗಲೇ ಮಸುಕಾಗಿದೆ.