ಹಂದಿ ಕೂದಲಿನ ಬ್ರಷ್

ದಿಬ್ಬೂರಹಳ್ಳಿಯಲ್ಲಿ ರೇಷ್ಮೆ ಮೊಟ್ಟೆ ತಂದು ಮನೆಯಲ್ಲೇ ಮರಿ ಮಾಡುವ ಹುಚ್ಚು ಈಗ ಯಾರಿಗೂ ಇಲ್ಲ. ಎಲ್ಲರೂ ಸಾಕಿದ ಮರಿಹುಳುಗಳನ್ನೇ ಕೊಂಡು ತರುತ್ತಾರೆ. ನಮ್ಮ ಪಕ್ಕದ ಮನೆಯ ವರಲಕ್ಷ್ಮಮ್ಮ ಮಾತ್ರ ಮದುವೆಯಾಗಿ ಬಂದಾಗಿನಿಂದ ಈ ಕೆಲಸ ಬಿಟ್ಟಿಲ್ಲ. ಅವರಿಗೆ ಊರಲ್ಲಿ ಹೆಸರು ಬಂದದ್ದೇ ಅದರಿಂದ. ಹೋದ ಸಲ ಮರಿಗಳು ಸತ್ತಾಗ ಗಂಡ ವೆಂಕಟರಾಮಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟರು: ಇನ್ನೊಂದು ಸಲ ಹೀಗಾದರೆ ಮನೆಯೊಳಗೆ ಮೊಟ್ಟೆ ತರುವಂತಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಮೊಟ್ಟೆ ಒಡೆದ ಬೆಳಿಗ್ಗೆ ನಾನೂ ಕೈಜೋಡಿಸಲು ಹೋಗಿದ್ದೆ. ಕೂದಲೆಳೆಯಂಥ ಕಪ್ಪು ಮರಿಗಳು ಮೊಟ್ಟೆ ಅಂಟಿಸಿದ ಹಾಳೆಯ ತುಂಬ ಹರಿದಾಡುತ್ತಿದ್ದವು. ಬಿಸಿಲೇರುವ ಮೊದಲು ಅವನ್ನು ಎಳೆ ಹಿಪ್ಪುನೇರಳೆ ಸೊಪ್ಪಿನ ಮೇಲೆ ಸವರಿ ಇಳಿಸಬೇಕು, ತಡವಾದರೆ ಸೊರಗುತ್ತವೆ. ಸವರುವ ಕೋಳಿ ಪುಕ್ಕವನ್ನು ಡಬ್ಬದಿಂದ ತೆಗೆದರೆ, ಇಲಿ ಕಡಿದುಹಾಕಿತ್ತು. ಬೇರೆ ಪುಕ್ಕ ತಂದು ತೊಳೆದು ಒಣಗಿಸುವಷ್ಟು ಹೊತ್ತಿರಲಿಲ್ಲ. ಮನೆಯಲ್ಲಿದ್ದ ಹೊಸ ಪೇಂಟ್ ಬ್ರಷ್ಷಿನಿಂದ ಒಂದು ಮೂಲೆ ಸವರಿ ನೋಡಿದರು. ಅದರ ಒರಟು ಕೂದಲಿಗೆ ಕೆಲವು ಮರಿಗಳು ಮುದುಡಿ ಬಿದ್ದವು. ವರಲಕ್ಷ್ಮಮ್ಮ ಬ್ರಷ್ ಬದಿಗಿಟ್ಟು ಕಿಟಕಿಯತ್ತ ನೋಡಿದರು.

ಆಗ ವೆಂಕಟರಾಮಪ್ಪ ತಮ್ಮ ಶೇವಿಂಗ್ ಬ್ರಷ್ ಹಿಡಿದು ಬಾಗಿಲಿಗೆ ಬಂದರು. ಗೌರಿಬಿದನೂರಿನಲ್ಲಿ ಕೊಂಡ ಹಂದಿ ಕೂದಲಿನ ಬ್ರಷ್ ಅದು. ಹೊಸದರಲ್ಲಿ ಪೊರಕೆಯಂತೆ ಚುಚ್ಚುತ್ತದೆಂದು ಅವರು ಬೈದಾಡಿದ್ದು ನಮ್ಮ ಮನೆಗೂ ಕೇಳಿಸುತ್ತಿತ್ತು. ದಿನಾ ನೆನೆದು, ಕೆನ್ನೆಗೆ ಉಜ್ಜಿಸಿಕೊಂಡು, ಈಗ ಒಂದೊಂದು ಕೂದಲಿನ ತುದಿಯೂ ಸೀಳಿ ಹತ್ತಿಯ ಹಾಗೆ ಮೆತ್ತಗಾಗಿತ್ತು.

ವರಲಕ್ಷ್ಮಮ್ಮ ಕೈ ಚಾಚಲಿಲ್ಲ. ಸೋಪು ತಾಗಿದರೆ ಮರಿಗಳ ಕಥೆ ಮುಗಿದಂತೆ. ಬೇಕೆಂದೇ ತಂದರೋ ಎಂಬ ಅನುಮಾನ ಅವರ ಮುಖದಲ್ಲಿತ್ತು. ಸುಳ್ಳೇಕೆ, ನನಗೂ ಬಂತು.

"ಮೂಸಿ ನೋಡು. ಇಲಿ ಪುಕ್ಕ ಕಡ್ದಿದ್ದು ವಾರದ ಹಿಂದೇನೇ ನೋಡ್ದೆ. ಅವತ್ತಿಂದ ಇದಕ್ಕೆ ಸೋಪು ತಾಗ್ಸಿಲ್ಲ ಕಣೇ. ದಿನಾ ಬಿಸಿನೀರಲ್ಲಿ ತೊಳೆದು ಒಣಗಿಸ್ತಿದೀನಿ," ಅಂದರು ವೆಂಕಟರಾಮಪ್ಪ.

ಅವರ ಮುಖದ ತುಂಬ ಗಡ್ಡ. ಸಿಟ್ಟಿಗೆ ಬಿಟ್ಟಿದ್ದಾರೆ ಎಂದೇ ನಾವೆಲ್ಲ ಅಂದುಕೊಂಡಿದ್ದೆವು. ಪುಕ್ಕ ಹಾಳಾಗಿದೆ ಎಂದು ಬಾಯಿಬಿಟ್ಟು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತೋ!

ವರಲಕ್ಷ್ಮಮ್ಮ ಬ್ರಷ್ ಇಸಿದುಕೊಂಡು ಮೂಸಿದರು, ಮಣಿಕಟ್ಟಿನ ಒಳಬದಿಗೆ ಸವರಿಕೊಂಡರು. ಆಮೇಲೆ ಹಾಳೆಗೆ ತಾಗಿಸಿದರು. ಮರಿಗಳು ಮುದುಡಲಿಲ್ಲ. ಸಾಲುಸಾಲಾಗಿ ಸೊಪ್ಪಿಗಿಳಿದವು. ಬಿಸಿಲು ಕಿಟಕಿಗೆ ಬರುವಷ್ಟರಲ್ಲಿ ಹಾಳೆ ಬರಿದಾಗಿ, ಮರಿಗಳು ಮೇಯತೊಡಗಿದ್ದವು.

ವೆಂಕಟರಾಮಪ್ಪ ಗಡ್ಡ ಕೆರೆದುಕೊಳ್ಳುತ್ತ ಬ್ರಷ್ಷಿಗೆ ಕೈ ನೀಡಿದರು.

"ನೀವು ಹೊಸದು ತಗೊಳ್ಳಿ. ಇದು ಮುಂದಿನ ಸಲದ ಮೊಟ್ಟೆಗೂ ಬೇಕು," ಅಂದರು ವರಲಕ್ಷ್ಮಮ್ಮ.

ಹೊಸದು ಮೆತ್ತಗಾಗುವಷ್ಟರಲ್ಲಿ ತಮ್ಮ ಕೆನ್ನೆ ಉಳಿದಿರುವುದಿಲ್ಲ ಎಂದು ವೆಂಕಟರಾಮಪ್ಪ ಗೊಣಗಿದರು. ಮೊಟ್ಟೆ ಬೇಡ ಅನ್ನಲಿಲ್ಲ.